ಎದೆಯ ಮನೆತನ
ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರ ವೃಷಭೇಂದ್ರಪ್ಪನವರಿಗೆ ಐವತ್ತು ದಾಟಿದ ಮೇಲೆ ಒಂದು ಚಟ ಅಂಟಿಕೊಂಡಿದೆ: ಹೊಸಬರು ಯಾರೇ ಸಿಗಲಿ, ಊರು ಕೇಳುವ ಮೊದಲು "ನಿಮ್ ತಂದೆಯವ್ರು ಏನಾಗಿ ಹೋದ್ರು?" ಎಂದು ಕೇಳುತ್ತಾರೆ. ಉತ್ತರ ಮುಗಿಯುವ ಮುಂಚೆಯೇ ತಮ್ಮ ವಂಶಾವಳಿ ಬಿಚ್ಚುತ್ತಾರೆ. "ನಮ್ಮಜ್ಜ ಗದ್ದೆ ಬದಿನಲ್ಲಿ, ದೊಡ್ಡಪ್ಪ ಮದ್ವೆ ಪಂಕ್ತಿಲಿ, ನಮ್ಮಪ್ಪ ಕಾಫಿ ಕಣದಲ್ಲಿ. ಎಲ್ರಿಗೂ ಎದೆನೋವೇ ನೋಡಿ." ಬೇರೆಯವರು ತಮ್ಮ ತೋಟ ಎಷ್ಟು ಎಕರೆ ಎಂದು ಹೇಳುವಾಗ ಬರುವ ಗತ್ತು ಆ ಮಾತಿನಲ್ಲಿರುತ್ತದೆ. ಡಾಕ್ಟರು ಹೇಳಿದ ವಾಕಿಂಗನ್ನು ತೋಟದೊಳಗೇ ಮಾಡುತ್ತಾರೆ. ಏರಿನಲ್ಲಿ ಉಸಿರು ಕಟ್ಟಿದರೆ ಕೈಯನ್ನು ಎದೆಗಿಡದೆ ಮೆಣಸಿನ ಬಳ್ಳಿಗಿಟ್ಟು, ಹಿಂದೆ ಬರುವ ಹೆಂಡತಿ ಕುಸುಮಾಗೆ ಕೇಳುವಂತೆ "ಈ ಸಲ ಕಾಯಿ ಚೆನ್ನಾಗಿ ಕಚ್ಚಿದೆ" ಎನ್ನುತ್ತಾರೆ, ಬಳ್ಳಿಯಲ್ಲಿ ಒಂದು ಕಾಯಿಯೂ ಇಲ್ಲದ ತಿಂಗಳಲ್ಲೂ. ವಾಕಿಂಗ್ ಮುಗಿಯುವುದು ತೋಟದ ಮೂಲೆಯಲ್ಲಿ, ಹಿರಿಯರನ್ನು ಸಾಲಾಗಿ ಮಣ್ಣು ಮಾಡಿದ ಕಡೆ. ಅಪ್ಪನ ಸಮಾಧಿಯ ಪಕ್ಕದ ಖಾಲಿ ಜಾಗವನ್ನು ನೆಂಟರಿಗೆಲ್ಲ ತೋರಿಸಿ "ಇದು ನಂದು" ಎಂದು ಹೇಳಿಟ್ಟಿದ್ದಾರೆ. ಆ ಮೂಲೆಯಲ್ಲಿ ಹಿಂದೆ ಕಿತ್ತಳೆ ಮರಗಳಿದ್ದವು. ಅಪ್ಪ ಕೆಲಸದ ನಡುವೆ ಬಂದು ಹಣ್ಣು ಸುಲಿದು, ನಾರು ಬಿಡಿಸಿ, ಮೊದಲ ತೊಳೆಯನ್ನು ಮಗನ ಬಾಯಿಗಿಟ್ಟು, ತಮ್ಮ ಬೆರಳು ಮೂಸಿಕೊಳ್ಳುತ್ತಿದ್ದರು. ರೋಗ ಬಂದು ಮರಗಳು ಹೋದವು, ಅಪ್ಪನೂ ಹೋದರು. ಕಳೆದ ಮಳೆಗಾಲದಲ್ಲಿ ವೃಷಭೇಂದ್ರಪ್ಪನವರು ತಮ್ಮದೆಂದ ಆ ಜಾಗದ ನಟ್ಟನಡುವೆ ಒಂದು ಕಿತ್ತಳೆ ಸಸಿ ನೆಟ್ಟರು. "ಇಲ್ಲಿ ಮರ ಆದ್ರೆ ನಿಮ್ಗೆ ಜಾಗ ಎಲ್ಲಿ?" ಎಂದರು ಕುಸುಮಾ. ಬುಡಕ್ಕೆ ಮಣ್ಣು ಒತ್ತುತ್ತಲೇ ಅವರು ಹೇಳಿದರು: "ಮೊದ್ಲು ಹಣ್ಣು ಬಿಡ್ಲಿ."