ಬುಕ್ಕಸಾಗರದ ಕಬ್ಬಿನ ತಾರೀಖು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹೊಸಪೇಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಕಬ್ಬಿನ ವಿಭಾಗಕ್ಕೆ ಮೊದಲ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರುವ ಭಾಗ್ಯ ನನ್ನದಾಯಿತು. ಮೂರು ತಿಂಗಳ ಕೋರ್ಸು ಮಾಡಿದ್ದವನು ನಾನೊಬ್ಬನೇ. ಧೂಳು ಬಂದೀತೆಂದು ಮ್ಯಾನೇಜರರಿಂದಲೂ ಬಾಗಿಲಲ್ಲೇ ಚಪ್ಪಲಿ ಬಿಡಿಸುತ್ತಿದ್ದೆ. ಅಷ್ಟು ಜಂಬ.

ಕಬ್ಬು ಕಡಿಯುವ ಸರದಿ ನಾಟಿಯ ತಾರೀಖಿನ ಮೇಲೆ ನಿಲ್ಲುತ್ತಿತ್ತು. ನೆಟ್ಟು ವರ್ಷ ತುಂಬುತ್ತಿದ್ದಂತೆ, ಮೊದಲು ನೆಟ್ಟವರಿಗೆ ಮೊದಲು ಕಟಾವಿನ ಚೀಟಿ. ಚೀಟಿ ಇಲ್ಲದೆ ಕಡಿದು ತಂದರೆ ಕಾರ್ಖಾನೆಯಲ್ಲಿ ತೂಗುತ್ತಿರಲಿಲ್ಲ. ಹತ್ತಿರದ ಊರು ಬುಕ್ಕಸಾಗರದ ರೈತರ ಹೆಸರು, ಎದುರಿಗೆ ತಾರೀಖು, ಎಲ್ಲವನ್ನೂ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಇಳಿಸಿದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ, ಹುಡುಕಲು ಸುಲಭವಾಗಲೆಂದು ಸಾಲುಗಳನ್ನು ಎಬಿಸಿಡಿ ಪ್ರಕಾರ ಜೋಡಿಸಲು ಹೋದೆ. ಇಡೀ ಪಟ್ಟಿಯನ್ನು ಆರಿಸುವ ಬದಲು ಹೆಸರಿನ ಕಾಲಂ ಒಂದನ್ನೇ ಆರಿಸಿದ್ದೆ. ಹೆಸರುಗಳು ಜಾಗ ಬದಲಿಸಿದವು, ತಾರೀಖುಗಳು ಇದ್ದಲ್ಲೇ ಉಳಿದವು; ಒಬ್ಬರ ತಾರೀಖು ಇನ್ನೊಬ್ಬರ ಪಾಲಾಯಿತು. ನನಗೆ ಗೊತ್ತಾಗಲಿಲ್ಲ. ಚೀಟಿಗಳನ್ನು ಅಚ್ಚು ಹಾಕಿ ಹಂಚಿಸಿಬಿಟ್ಟೆ.

ಸರದಿಯಲ್ಲಿ ಮುಂದೆ ಬಂದವರು ಸುಮ್ಮನಿದ್ದರು. ಹಿಂದೆ ಬಿದ್ದವರು ಊರಲ್ಲೇ ಗೊಣಗಿಕೊಂಡರು. ಕೇಳಲು ಆಫೀಸಿಗೆ ಬಂದದ್ದು ಒಬ್ಬ ಹೆಂಗಸು ಮಾತ್ರ, ಐವತ್ತರ ಆಸುಪಾಸು. ಹೊಲವನ್ನು ತಾವೇ ನಿಂತು ಮಾಡಿಸುವವರು. ಜೊತೆಗೆ ಅವರ ಮೈದುನ.

"ಸಾಹೇಬ್ರ, ಹೋದ ವರ್ಷ ಸಂಕ್ರಾಂತಿ ಆದ ಮೂರನೇ ದಿನ ನಾಟಿ ಮಾಡೀವ್ರಿ. ನೀವು ಮಾರ್ಚ್ ಅಂತ ಹಾಕೀರಂತ. ಈ ಮಾರ್ಚ್ ತನಕ ಕಡೀದ ನಿಂತ್ರ ಕಬ್ಬು ಬೆಂಡಾಗಿ ತೂಕ ಇಳೀತೈತಿ," ಅಂದರು.

"ನಮ್ಮ ಅತ್ತಿಗಿ ಎಲ್ಲಾ ಬಾಯಾಗ ಇಟ್ಕೊಂಡಾಳ್ರಿ," ಅಂದ ಮೈದುನ. "ಓಣ್ಯಾಗಿನ ಕೂಸು ಹುಟ್ಟಿದ ದಿನಾನೂ ಈಕಿನ್ನ ಕೇಳ್ತೀವಿ."

ನಾನು ಪರದೆ ನೋಡಿದೆ. ಮಾರ್ಚ್ ಎಂದೇ ಇತ್ತು. "ಕಂಪ್ಯೂಟರ್ ತಪ್ಪು ಮಾಡಂಗಿಲ್ಲಮ್ಮ. ನೀವು ಅದರ ಹಿಂದಿನ ವರ್ಷದ್ದು ನೆನಪು ಮಾಡ್ಕೊಂಡೀರಿ," ಅಂದೆ.

ಮೈದುನ ಅತ್ತಿಗೆಯ ಮುಖ ನೋಡಿದ. ಅವರು ಬೆರಳ ಗೆಣ್ಣು ಎಣಿಸುತ್ತಾ ಎಣಿಸುತ್ತಾ ನಡುವೆಯೇ ಎಣಿಕೆ ನಿಲ್ಲಿಸಿದರು. ಮೈದುನನನ್ನು ಕರೆದುಕೊಂಡು ಹೊರಟುಹೋದರು.

ಅವರು ಎಣಿಸಿದ ರೀತಿ ನನಗೆ ಸಮಾಧಾನ ಕೊಡಲಿಲ್ಲ. ಊಟವಾದ ಮೇಲೆ ರಿಜಿಸ್ಟರು ತೆಗೆದೆ. ಅವರ ಹೆಸರಿನ ಎದುರು ಸಂಕ್ರಾಂತಿ ಆದ ಮೂರನೇ ದಿನದ ಜನವರಿ ತಾರೀಖೇ ಇತ್ತು. ಉಳಿದ ಹೆಸರುಗಳನ್ನೂ ತಾಳೆ ನೋಡಿದೆ; ತಾರೀಖುಗಳೆಲ್ಲ ಅದಲುಬದಲಾಗಿದ್ದವು. ಸಂಜೆಯೊಳಗೆ ಪಟ್ಟಿಯನ್ನೇನೋ ಸರಿಮಾಡಿದೆ. ಆದರೆ ಹಂಚಿದ ಚೀಟಿಗಳನ್ನು ವಾಪಸ್ ತರಿಸಬೇಕೆಂದರೆ ತಪ್ಪು ಒಪ್ಪಿಕೊಳ್ಳಬೇಕಿತ್ತು. ನೌಕರಿ ಹೋಗುತ್ತಿರಲಿಲ್ಲ, ಬೈಗುಳ ಬೀಳುತ್ತಿತ್ತು, ಅಷ್ಟೇ. ಚಪ್ಪಲಿ ಬಿಡಿಸಿದ ಮ್ಯಾನೇಜರರ ಮುಂದೆ ತಲೆ ತಗ್ಗಿಸಲು ನನಗೆ ಆಗಲಿಲ್ಲ. ಬಾಯಿ ಮುಚ್ಚಿಕೊಂಡೆ.

ಮಾರ್ಚಿನಲ್ಲಿ ಅವರ ಕಬ್ಬು ಬಂತು. ಗಾಡಿ ತುಂಬಾ ಇತ್ತು, ತೂಕ ಇರಲಿಲ್ಲ. ಅದಾದ ಮೇಲೆ ಅವರು ಒಬ್ಬರೇ ಆಫೀಸಿಗೆ ಬಂದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಹೇಳಿಬಿಡುತ್ತಿದ್ದೆ ಅಂತ ಈಗ ಅಂದುಕೊಳ್ಳುತ್ತೇನೆ. ಅದೂ ಸುಳ್ಳೇ ಇರಬಹುದು.

"ನಂದ ತಪ್ಪಾತ್ರಿ ಸಾಹೇಬ್ರ," ಅಂದರು. "ಸುಮ್ನ ನಿಮ್ಮ ಕೂಡ ವಾದ ಮಾಡಿದೆ. ನನ್ನ ತಲಿ ಮೊದ್ಲಿನಂಗ ಇಲ್ಲ. ಇನ್ನ ಮ್ಯಾಲ ಹೊಲದ್ದು ಮೈದುನಾನ ನೋಡ್ಕೊಳ್ಳಲಿ ಅಂತ ಬಿಟ್ಟೀನಿ. ಯಾರರ ಏನರ ಕೇಳಿದ್ರ ಗಟ್ಟಿಯಾಗಿ ಹೇಳಾಕ ಅಂಜಿಕಿ ಬರ್ತೈತಿ."

ನಾನು ಕುರ್ಚಿ ತೋರಿಸಿದೆ. ಅವರು ಕೂರಲಿಲ್ಲ.

"ನಾಟಿ ಮಾಡಿದ ತಾರೀಖು ಒಂದು ಚೀಟ್ಯಾಗ ಬರಕೊಡ್ರಿ. ಮತ್ತ ತಪ್ಪಬಾರ್ದು ನೋಡ್ರಿ."

ಪರದೆಯ ಮೇಲೆ ಅವರ ಸಾಲು ತೆರೆದೇ ಇತ್ತು. ಈಗ ಅದರಲ್ಲಿ ಸರಿಯಾದ ತಾರೀಖಿತ್ತು. ಆದರೂ ನಾನು ಮಾರ್ಚ್ ತಿಂಗಳ ಆ ತಪ್ಪು ತಾರೀಖನ್ನೇ ಬರೆದು ಕೊಟ್ಟೆ.

ಅವರಿಗೆ ಓದಲು ಬರುತ್ತಿರಲಿಲ್ಲ. ನನ್ನಿಂದಲೇ ಎರಡು ಸಲ ಓದಿಸಿಕೊಂಡರು. ಎರಡನೇ ಸಲ ಅವರೂ ನನ್ನ ಜೊತೆ ಸೇರಿ ಬಾಯಿಪಾಠ ಮಾಡಿದರು.