ಹಸಿ ಹಿಕ್ಕೆ ಮತ್ತು ಎಂಟು ಹೂಗಿಡ

ಇಳಕಲ್ಲು, ಹುನಗುಂದ, ಬಾಗಲಕೋಟೆ, ಬಾದಾಮಿ ಎಂದು ಕೂಗುತ್ತ ಟಿಕೆಟ್ ಹರಿಯುವುದರಲ್ಲೇ ನನ್ನ ನೌಕರಿ ಮುಗಿಯಿತು. ಕಂಡಕ್ಟರನಿಗೆ ಬಾಯಿ ಜೋರಿರಬೇಕು. ನನಗೆ ಅದು ಹುಟ್ಟಿನಿಂದಲೇ ಇತ್ತು. ಬಾಗಿಲಲ್ಲಿ ಜೋತು ಬಿದ್ದವರನ್ನು, ಚಿಲ್ಲರೆ ಇಲ್ಲ ಎನ್ನುವವರನ್ನು, ಕುರಿಮರಿಯನ್ನು ಕಂಬಳಿಯೊಳಗೆ ಮುಚ್ಚಿ ತರುವ ನಮ್ಮದೇ ಕುರುಬ ಮಂದಿಯನ್ನು ಬೈದು ಬೈದು ಗಂಟಲು ಗಟ್ಟಿಯಾಗಿತ್ತು. ಇಂಥ ಬಾಯಿ ಇದ್ದವನು ಮನೆಯ ಒಂದು ವಿಷಯ ಬಂದಾಗ ಮಾತ್ರ ಮೂಕನಾಗುತ್ತಿದ್ದೆ. ಆ ಮೂಕತನ ಬಿಡಿಸಿದ್ದು ಎಂಟು ಹೂಗಿಡ. ಅವುಗಳ ಉಪಕಾರ ನೆನೆಯದೆ ಈಗ ನನಗೆ ಬೆಳಗಾಗುವುದಿಲ್ಲ.

ನಿವೃತ್ತಿಗೆ ಮುಂಚೆ ಬಾಗಲಕೋಟೆಯ ನವನಗರದಲ್ಲಿ ಒಂದು ಮನೆ ಕಟ್ಟಿಸಿದೆವು. ಮುಂದೆ ನಾಲ್ಕು ಹೆಜ್ಜೆ ಅಂಗಳ. ಬರೀ ಗರಸು ನೆಲ, ಹಾರೆ ಹಾಕಿದರೆ ಕೈ ಜುಮ್ಮೆನ್ನಬೇಕು. ನನ್ನ ಹೆಂಡತಿ ಗುಳೇದಗುಡ್ಡದವಳು, ಖಣ ನೇಯುವವರ ಮನೆಯ ಮಗಳು. ಹೂವೆಂದರೆ ಜೀವ ಬಿಡುತ್ತಾಳೆ. ಆದರೆ ಅಂಗಳಕ್ಕೆ ಹೂಗಿಡ ತರೋಣ ಎಂದರೆ ಹಿಂದೆ ಸರಿದಳು.

“ನೀವ ಹಚ್ರಿ. ನನ್ನ ಕೈ ಬ್ಯಾಡ,” ಅಂದಳು.

ಯಾಕೆಂದು ನನಗೆ ಗೊತ್ತಿತ್ತು. ನಮಗೆ ಮಕ್ಕಳಿಲ್ಲ. ಹುನಗುಂದದ ಹತ್ತಿರದ ನಮ್ಮೂರಲ್ಲಿ ಕುರಿ, ಹೊಲ ಎರಡನ್ನೂ ನಡೆಸಿಕೊಂಡು ಬಂದವಳು ನನ್ನ ಅಕ್ಕ. ಅವಳ ಮಾತೇ ಮನೆಯ ಮಾತು. ನಮ್ಮ ಮದುವೆಯಾಗಿ ಐದಾರು ವರ್ಷ ಕಳೆದಿತ್ತು. ಬಿತ್ತನೆಯ ದಿನ ಅಕ್ಕ ನನ್ನ ಹೆಂಡತಿಯ ಕೈಯಿಂದ ಬೀಜದ ಬುಟ್ಟಿ ಕಸಿದುಕೊಂಡು, “ಬ್ಯಾಡ ಬಿಡವಾ, ನಿನ್ನ ಕೈಗುಣ ಛಲೋ ಇಲ್ಲ” ಎಂದಳು. ಬಾಗಲಕೋಟೆಯ ದವಾಖಾನೆಯಲ್ಲಿ ನಮ್ಮಿಬ್ಬರನ್ನೂ ತಪಾಸಿಸಿದ ಡಾಕ್ಟರು, ಕೊರತೆ ಇರುವುದು ನನ್ನಲ್ಲಿ ಎಂದು ಅಷ್ಟರಲ್ಲಾಗಲೇ ಬಿಡಿಸಿ ಹೇಳಿದ್ದರು. ಅದನ್ನು ಕೇಳಿಸಿಕೊಂಡವರು ನಾವಿಬ್ಬರೇ. ಬುಟ್ಟಿ ಕೈಬಿಟ್ಟಾಗ ಹೆಂಡತಿ ನನ್ನ ಮುಖ ನೋಡಿದಳು. ನಾನು ಎತ್ತಿನ ಮುಖ ನೋಡಿದೆ. ಅಲ್ಲಿಂದ ಮೂವತ್ತು ವರ್ಷ ಅದೇ ಆಯಿತು. ಅಕ್ಕ ಅನ್ನುವುದು, ಇವಳು ಸಹಿಸುವುದು, ನಾನು ಗಂಡಸಿನ ಮಾನ ಎಂದು ಬಾಯಿ ಹೊಲಿದುಕೊಂಡು ಕೂರುವುದು.

ಸಂಕ್ರಾಂತಿ ಕಳೆದ ಮೇಲೆ ನಾನೇ ಹಟ ಹಿಡಿದೆ. ಬಾದಾಮಿ ರಸ್ತೆಯ ನರ್ಸರಿಯಿಂದ ಮೂರು ದಾಸವಾಳ, ಮೂರು ದುಂಡುಮಲ್ಲಿಗೆ, ಎರಡು ನಂದಿಬಟ್ಟಲು ಕೊಂಡು ಬಸ್ಸಿನಲ್ಲಿ ತಂದೆ. ದಾರಿಗೆ ಅಡ್ಡ ಇಟ್ಟಿದ್ದಕ್ಕೆ ಆ ಬಸ್ಸಿನ ಕಂಡಕ್ಟರು ನನ್ನನ್ನೇ ಬೈದ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಸುಮ್ಮನಾದೆ. ಮನೆಗೆ ಬಂದು ಕುಣಿ ತೋಡಿ, ಹೊರಗಿನಿಂದ ತರಿಸಿದ ಎರೆಮಣ್ಣು ಬೆರೆಸಿ, ಹೆಂಡತಿಯನ್ನು ಬೈದು, ರಮಿಸಿ, ಕೊನೆಗೆ ಅವಳ ಕೈಯಿಂದಲೇ ಎಂಟೂ ಸಸಿ ನೆಡಿಸಿದೆ. ಒಂದೇ ವಾರದಲ್ಲಿ ಹೊಸ ಎಲೆ ಮೂಡಿತು. ಅವಳು ದಿನಕ್ಕೆ ಹತ್ತು ಸಲ ಅಂಗಳಕ್ಕೆ ಹೋಗಿ ಬರತೊಡಗಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಛಲೋ ಇತ್ತು. ಗಿಡ ಹಚ್ಚಿದ್ದೇವೆ ಎಂದು ಫೋನಿನಲ್ಲಿ ಹೇಳಿದ್ದಕ್ಕೆ ಅಕ್ಕ ಎರಡು ಚೀಲ ಕುರಿಹಿಕ್ಕೆಯನ್ನು ಬಸ್ಸಿಗೆ ಹಾಕಿ ಕಳಿಸಿದಳು. ದೊಡ್ಡಿಯಿಂದ ಆಗಷ್ಟೇ ಗುಡಿಸಿದ್ದು. ಕುರುಬರ ದೇವರು ಬೀರಪ್ಪನ ಒಕ್ಕಲಾದ ನಮಗೆ ಹಿಕ್ಕೆ ಎಂದರೆ ಬಂಗಾರ. ನಮ್ಮ ಹೊಲದಾಗ ಕುರಿ ನಿಲ್ಲಿಸ್ರಿ ಎಂದು ಊರ ಮಂದಿ ನಮ್ಮಪ್ಪನ ಹತ್ತಿರ ಬಂದು ಕೇಳಿಕೊಳ್ಳುತ್ತಿದ್ದುದನ್ನು ಕಂಡು ಬೆಳೆದವನು ನಾನು. ಚೀಲಗಳನ್ನು ಹಿತ್ತಲಲ್ಲಿ ಮುಚ್ಚಿಟ್ಟು, ಮಧ್ಯಾಹ್ನ ಹೆಂಡತಿ ಅಡ್ಡಾದಾಗ ಎಂಟೂ ಬೊಡ್ಡೆಗೆ ಬೊಗಸೆ ಬೊಗಸೆ ಸುರಿದು ಮೇಲೆ ಮಣ್ಣೆಳೆದೆ. ಎಂಟು ದಿನ ಬಿಟ್ಟು ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ. ವಾಸನೆ ಎಲ್ಲಿಯದು ಎಂದು ಅವಳು ಕೇಳಿದರೆ ಪಕ್ಕದ ಮನೆಯ ಆಡುಗಳ ಮೇಲೆ ಹಾಕಿದೆ. ಗಿಡ ಜೋರಾಗಿ ಬರಲಿ, ತನ್ನ ಕೈಯಿಂದಲೇ ಬಂತು ಎಂದು ಅವಳು ಹಿಗ್ಗಲಿ ಎಂಬುದು ನನ್ನ ಶಾಣ್ಯಾತನ.

ಎಲೆಗಳ ಅಂಚು ಕಂದಿತು. ಆಮೇಲೆ ಬೆಂಕಿಗೆ ಹಿಡಿದಂತೆ ಮುರುಟಿತು. ಎರಡು ಮಲ್ಲಿಗೆ, ಒಂದು ದಾಸವಾಳ ಪೂರ್ತಿ ಒಣಗಿ ನಿಂತವು. “ಹೇಳಿದ್ನಿಲ್ರಿ,” ಎಂದಷ್ಟೇ ಅಂದ ಹೆಂಡತಿ, ಅಂಗಳಕ್ಕೆ ಹೋಗುವುದನ್ನೇ ಬಿಟ್ಟಳು. ಮರುದಿನ ಬಟ್ಟೆ ಕಟ್ಟಿಕೊಂಡು ಗುಳೇದಗುಡ್ಡಕ್ಕೆ ತವರಿಗೆ ಹೋದಳು.

ನಮ್ಮ ಸೆಕ್ಟರಿನ ಉದ್ಯಾನದಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸದ ಹೆಂಗಸೊಬ್ಬಳು ದಿನಾ ನಮ್ಮ ಮನೆಯ ಮುಂದೆಯೇ ಹಾಯುತ್ತಿದ್ದಳು. ಅವತ್ತು ಗೇಟಿನ ಹತ್ತಿರ ನಿಂತಳು.

“ಇದಕ್ಕ ಏನ್ ಹಾಕೀರಿ ಅಣ್ಣಾರ?”

“ಹಿಕ್ಕಿ. ನಮ್ಮ ಮನೀದು,” ಎಂದು ಮೀಸೆ ತಿರುವಿದೆ.

ಅವಳು ಒಳಗೆ ಬಂದು ಬೊಡ್ಡೆಯ ಮಣ್ಣು ಕೆದರಿ, ನನ್ನ ಕೈಯನ್ನೂ ಅದರೊಳಗೆ ಇಡಿಸಿದಳು. ಬೆಚ್ಚಗಿತ್ತು.

“ಹಸಿ ಹಿಕ್ಕಿಗೆ ಕಾವು ಭಾಳ ರೀ. ಹೊಲದಾಗಾದ್ರ ಮಳಿ ಬಿದ್ದು ಕಾವು ಇಳೀತೈತಿ. ಇವು ಇನ್ನೂ ಬೇರ ಬಿಟ್ಟಿಲ್ಲ. ಹಸುಗೂಸಿಗೆ ಹೋಳಿಗಿ ತುರಕಿದಂಗ ಆಗೇತಿ ನೋಡ್ರಿ.”

“ಕುರಿ ಕಾದವರ ಮನ್ಯಾಗ ಹುಟ್ಟಿದವಗ ಹಿಕ್ಕಿ ಪಾಠ ಹೇಳ್ತೀ?”

“ಕುರಿ ಕಾದೀರಿ ಖರೆ. ಗಿಡ ಕಾದಿಲ್ಲ,” ಎಂದು ನಕ್ಕಳು.

ಸಿಟ್ಟು ಬಂದರೂ ನುಂಗಿಕೊಂಡೆ. ಅವಳು ಹೇಳಿದಂತೆ ಹಿಕ್ಕೆಯನ್ನೆಲ್ಲ ಬಳಿದು ತೆಗೆದು ಮೂಲೆಯಲ್ಲಿ ಕೊಳೆಯಲು ಗುಡ್ಡೆ ಹಾಕಿದೆ. ದಿನಾ ಮೇಲೆ ಮೇಲೆ ನೀರು ಚಿಮುಕಿಸುವ ಚಾಳಿ ಬಿಡಿಸಿದಳು. ಗಿಡಕ್ಕೊಂದು ಕೊಡ ನೀರು ನಿಧಾನಕ್ಕೆ ಇಂಗಿಸಬೇಕು, ಆಮೇಲೆ ಬೆರಳು ಹಾಕಿ ನೋಡಿ ಒಳಗೆ ಒಣಗಿದ್ದರೆ ಮಾತ್ರ ಮತ್ತೆ ಹಾಕಬೇಕು. ಬೊಡ್ಡೆಗೆ ತಾಗದ ಹಾಗೆ ಸುತ್ತ ಶೇಂಗಾ ಹೊಟ್ಟು ಹರಡಿದೆವು. ಸಂಜೆಯ ಬಿಸಿಲು ಬೀಳುವ ಕಡೆಗೆ ಕೋಲು ನೆಟ್ಟು ಒಂದು ಹಳೆಯ ಸೀರೆ ಕಟ್ಟಿದೆವು. ಉಳಿದ ದಾಸವಾಳದ ತುದಿಯ ಮೊಗ್ಗುಗಳನ್ನು ಅವಳು ಚಿವುಟಿ ಹಾಕಿದಾಗ “ಹೂವು ಹೋದುವಲ್ಲ!” ಎಂದೆ.

“ಮದಲ ಬೇರ ಆಗ್ಲಿ ರೀ. ಹೂವು ಎಲ್ಲಿ ಹೋಗ್ತಾವ?” ಎಂದಳು. ತನ್ನ ಕೆಲಸ ಮುಗಿಸಿ ದಣಿದವಳು ದಿನಾ ಸಂಜೆ ನಿಂತು ನೋಡಿ ಹೋಗುತ್ತಿದ್ದಳು. ನಾನು ಅವಳಿಗೆ ಏನೂ ಆಗಬೇಕಾದವನಲ್ಲ. ಆ ಋಣ ದೊಡ್ಡದು.

ಇಪ್ಪತ್ತು ದಿನಕ್ಕೆ ಹೆಂಡತಿ ಬಂದಳು. ಐದು ಗಿಡಗಳ ಗೆಣ್ಣುಗಳಲ್ಲೂ ಚಿಗುರು ಇಣುಕಿತ್ತು. ನಾನು ಗೇಟಿನಲ್ಲಿ ಮದುಮಗನ ಹಾಗೆ ನಿಂತಿದ್ದೆ. ಅವಳು ಒಂದೊಂದನ್ನೇ ನೋಡಿದಳು.

“ನಾ ಇದ್ದಿಲ್ಲಲ್ರಿ, ಅದಕ್ಕ ಚಿಗತಾವು,” ಅಂದಳು. “ಇನ್ನ ನೀವ ನೀರು ಹಾಕ್ರಿ.”

ನಾನು ಮುಚ್ಚಿಟ್ಟ ತಪ್ಪು ಮತ್ತೆ ಅವಳ ಕೈಗೇ ಅಂಟಿತ್ತು. ಹೇಳಬೇಕೆಂದು ಬಾಯಿ ತೆರೆದೆ, ಪ್ರಯಾಣ ಹೆಂಗಾತು ಎಂದು ಕೇಳಿ ಮುಚ್ಚಿದೆ. ಅಷ್ಟು ಹೇಡಿ ನಾನು.

ಅದೇ ವಾರ ಅಕ್ಕ ಕಣ್ಣು ತೋರಿಸಲು ನವನಗರಕ್ಕೆ ಬಂದಳು. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ, ಖಾಲಿ ಬಿದ್ದ ಮೂರು ಕುಣಿ ನೋಡಿದಳು.

“ಯಾರು ಹಚ್ಚಿದ್ರು?”

“ನಾನ ರೀ ಅಕ್ಕಾರ,” ಎಂದಳು ಹೆಂಡತಿ.

“ಮತ್ತ? ನಾ ಅಂದದ್ದು ಸುಳ್ಳಾತೇನ? ಉಳದಾವಲ್ಲ, ಅವು ನನ್ನ ತಮ್ಮನ ಕೈಯಾಗ ಉಳದಾವು.”

ಹೆಂಡತಿ ನನ್ನ ಮುಖ ನೋಡಲಿಲ್ಲ. ನೋಡುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಾಳೆ ಎಂದು ನನಗೆ ಆಗ ತಿಳಿಯಿತು. ಅದನ್ನು ಮಾತ್ರ ತಾಳಲಿಕ್ಕಾಗಲಿಲ್ಲ.

“ಅಕ್ಕ, ಗಿಡ ಸುಟ್ಟಾಂವ ನಾ,” ಎಂದೆ. “ನೀ ಕಳಿಸಿದ್ದು ಹಸಿ ಹಿಕ್ಕಿ. ಇಕಿಗೆ ಹೇಳದ ನಾನ ಸುರದೆ. ಇಕಿ ಕೈಯಾಗ ಏನೂ ದೋಷ ಇಲ್ಲ.”

“ಹಿಕ್ಕಿಗೆ ಗಿಡ ಸಾಯ್ತಾವೇನಲೇ?” ಎಂದು ಅಕ್ಕ ಸಿಡುಕಿದಳು.

“ಸಾಯ್ತಾವು. ಇನ್ನೊಂದು ಕೇಳು. ಮಕ್ಕಳಾಗದ್ದಕ್ಕೂ ಇಕಿ ಕಾರಣ ಅಲ್ಲ. ಕೊರತಿ ನನ್ನದು. ಡಾಕ್ಟರು ಅವತ್ತ ಹೇಳಿದ್ರು. ಇಕಿ ನನ್ನ ಮಾನ ಉಳಿಸಿದಳು. ನಾ ಇಕಿ ಮಾನ ಉಳಿಸಲಿಲ್ಲ.”

ಅಕ್ಕ ಕಪ್ಪು ಕೆಳಗಿಟ್ಟಳು. ಆಮೇಲೆ ನನ್ನನ್ನಲ್ಲ, ಅವಳನ್ನು ಕೇಳಿದಳು.

“ಖರೇನ?”

ಹೆಂಡತಿ ಹೌದೆಂದು ತಲೆಯಾಡಿಸಿದಳು.

“ನೀನರ ಹೇಳಬಾರದಾಗಿತ್ತೇನವಾ, ಇಷ್ಟು ವರ್ಷ?”

“ಅವರು ಹೇಳ್ತಾರ ಅಂತ ಹಾದಿ ನೋಡಕೋತ ಕುಂತೆ ರೀ,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅಕ್ಕ ಹೋಗುವಾಗ ಅವಳ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ. ಬಸ್ಸಿಗೆ ಹತ್ತಿಸಿ ನಾನು ಮನೆಗೆ ಬಂದಾಗ ಹೆಂಡತಿ ಕಟ್ಟೆಯ ಮೇಲೇ ಕುಳಿತಿದ್ದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಬಿಟ್ಟು ಹೋಗಬಹುದಾಗಿತ್ತು, ಹೋಗಿರಲಿಲ್ಲ. ಬೇಕಾದಾಗ ಒಂದು ಮಾತಿನಲ್ಲಿ ನನ್ನನ್ನು ಕೆಡವಬಹುದಾಗಿತ್ತು, ಕೆಡವಿರಲಿಲ್ಲ. ನಾನು ಅವಳ ಎದುರು ನಿಂತು ಎರಡೂ ಕೈ ಮುಗಿದೆ.

“ಸಾಕು ಬಿಡ್ರಿ, ಓಣಿ ಮಂದಿ ನೋಡ್ತಾರ,” ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಕಪ್ಪು ತಗೊಂಡು ಒಳಗ ಬರ್ರಿ.”