ಮೂಲೆಮಟ್ಟಕ್ಕೆ ಸಿಕ್ಕ ನಾರ್ಮಲ್

ರಕ್ತಪರೀಕ್ಷೆಯ ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೆ ಲೋಕದ ಸಜ್ಜನರೆಲ್ಲ ನಿಟ್ಟುಸಿರು ಬಿಟ್ಟು, ಕಾಗದ ಮಡಚಿ ಜೇಬಿಗಿಟ್ಟು ಮನೆಗೆ ಹೋಗುತ್ತಾರೆ. ಜನ್ಮವಿಡೀ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನಾನು ಮಾತ್ರ, ಶಿಗ್ಗಾಂವಿಯಿಂದ ಸವಣೂರಿಗೆ ಬರುವ ಬಸ್ಸಿನಲ್ಲಿ ಕುಲುಕುತ್ತಲೇ ಆ ವಿಶೇಷಣದ ವಂಶಾವಳಿಯನ್ನು ಮೊಬೈಲಿನಲ್ಲಿ ಕೆದಕುತ್ತ ಕುಳಿತೆ.

ಲ್ಯಾಟಿನ್ನಿನ ‘ನೋರ್ಮಾ’ ಎಂದರೆ ಬಡಗಿಯ ಮೂಲೆಮಟ್ಟವಂತೆ. ಕಟ್ಟಿಗೆಯ ಮೂಲೆ ನೇರವಿದೆಯೇ ಎಂದು ಇಟ್ಟು ನೋಡುವ ಸಾಧನ. ಅದಕ್ಕೆ ಹೊಂದಿದ್ದೇ ನಾರ್ಮಲ್. ಅಂದರೆ ನಾನೀಗ ವೈದ್ಯಶಾಸ್ತ್ರದ ಪ್ರಕಾರ ಲಂಬಕೋನದಲ್ಲಿದ್ದೇನೆ! ಇಂಥ ಯೋಗ್ಯತೆ ಬಂದವನು ಸುಮ್ಮನಿರಬಾರದೆಂದು, ಬಡಗಿ ಮೌನೇಶಪ್ಪನ ಮೂಲೆಮಟ್ಟ ಇಸಿದುಕೊಂಡು ಬಂದು ಮನೆಯ ಮಂಚ, ಕಪಾಟು, ದೇವರ ಮಣೆಗಳನ್ನೆಲ್ಲ ಪರೀಕ್ಷಿಸಿದೆ. ಚಪಾತಿಯ ಮೇಲಿಡುವಾಗ ಹೆಂಡತಿ ಲಟ್ಟಣಿಗೆ ಎತ್ತಿದ್ದರಿಂದ ಸಂಶೋಧನೆ ಹೊರಬಾಗಿಲಿಗೆ ಸ್ಥಳಾಂತರಗೊಂಡಿತು.

ಬಾಗಿಲ ಚೌಕಟ್ಟು ಎರಡು ಬೆರಳಷ್ಟು ಅನಾರ್ಮಲ್ಲಾಗಿತ್ತು; ಕದ ಸಿಕ್ಕಿಕೊಂಡು, ಗುದ್ದದೆ ತೆರೆಯುತ್ತಿರಲಿಲ್ಲ. ನೆಟ್ಟಗೆ ಮಾಡು ಎಂದರೆ ಮೌನೇಶಪ್ಪ ತಲೆ ಕೆರೆದುಕೊಂಡ.

“ಸರ್ರ, ಮನಿ ವಾಲೈತಿ, ಅದರ ಸಂಗಾಟ ಬಾಗಲಾನೂ ವಾಲೈತಿ. ಎರಡೂ ಹೊಂದ್ಕೊಂಡಾವ. ನೀವ್ಯಾಕ ನಡುವ ಬರ್ತೀರಿ?”

ನಾನು ಲ್ಯಾಟಿನ್ ಹೇಳಿ ಅವನ ಬಾಯಿ ಮುಚ್ಚಿಸಿದೆ. ಎರಡು ದಿನ ಕೆತ್ತಿ, ಹಳೆಯ ಬೆಣೆ ತೆಗೆದು, ಅವನು ಬಾಗಿಲನ್ನು ಸರಿಮಾಡಿಕೊಟ್ಟ. ಬೆರಳು ತಾಗಿಸಿದರೆ ಸಾಕು, ಸದ್ದಿಲ್ಲದೆ ತೆರೆಯುತ್ತಿತ್ತು.

ಆ ಸಂಜೆ ಅವ್ವನಿಗೆಂದು ವೀಳ್ಯದೆಲೆ ತಂದು ಗತ್ತಿನಿಂದ ಒಳಗೆ ಕಾಲಿಟ್ಟೆ. ಕಣ್ಣಿಗೆ ಪೊರೆ ಬಂದ ಅವ್ವ ಪಡಸಾಲೆಯ ಕಂಬಕ್ಕೊರಗಿ ಕುಳಿತಿದ್ದವಳು, ನನ್ನ ಹೆಜ್ಜೆ ಕೇಳಿ ಗಡಬಡಿಸಿ ಸೆರಗು ಸರಿಮಾಡಿಕೊಂಡಳು.

“ಯಾರ್ರೀ ಅವ್ರು? ನಮ್ಮ ಹುಡುಗ ಮನ್ಯಾಗಿಲ್ಲ. ಕುಂದರ್ರಿ, ಬರ್ತಾನ.”

ಅರವತ್ತು ದಾಟಿದ ಆ ಹುಡುಗ ಹೊಸ್ತಿಲಲ್ಲೇ ನಿಂತುಬಿಟ್ಟ. ಹೆತ್ತವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ನಾನೇ ಎಂದಾಗ ಅವಳು ನಂಬಲಾರದೆ, “ಮತ್ತ ಬಾಗಲಾ ಗುದ್ದಲಿಲ್ಲಲ್ಲ?” ಎಂದಳು. ಹೆಂಡತಿ ಬಾಗಿಲನ್ನು ಎತ್ತಿ ನೂಕುತ್ತಾಳೆ, ಹಾಲಿನವಳು ಒದೆಯುತ್ತಾಳೆ, ನಾನು ಎರಡು ಸಲ ಭುಜ ಕೊಡುತ್ತೇನೆ. ಇಷ್ಟು ವರ್ಷ ಅವಳು ನಮ್ಮನ್ನೆಲ್ಲ ನೋಡುತ್ತಿದ್ದದ್ದು ಬಾಗಿಲಿನ ಆ ಸದ್ದಿನಲ್ಲೇ. ನನಗೆ ಇದು ಗೊತ್ತೇ ಇರಲಿಲ್ಲ.

ಮರುದಿನ ನಾನೇ ಕರೆಸಿದ ಮೌನೇಶಪ್ಪ ಬಾಗಿಲನ್ನು ಮೊದಲಿನಂತೆ ವಾಲಿಸಿ ಹಳೆಯ ಬೆಣೆ ಬಡಿದು ಹೋದ. ಈ ಸಲ ನಾನು ಲ್ಯಾಟಿನ್ ಬಿಟ್ಟು ಅವನಿಗೆ ಬೆಣೆ ಹಿಡಿದುಕೊಟ್ಟೆ.

ಮೊನ್ನೆ ಮತ್ತೊಂದು ವರದಿ ಬಂತು, ನಾರ್ಮಲ್. ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದು ಬಾಗಿಲಿಗೆ ಎರಡು ಸಲ ಭುಜ ಕೊಟ್ಟೆ. ಅದು ಇನ್ನೂ ಅರ್ಧ ತೆರೆದಿತ್ತಷ್ಟೇ.

“ಬಂದ್ಯಾ?” ಎಂದಳು ಅವ್ವ.